ಸೆಲ್ಫು ಹಿಡಿಯದ ಗಾಡಿ

ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಪಾಳ್ಯವನ್ನು ದಾಟಿ ಬಾಳ್ಳುಪೇಟೆಯ ಸಮೀಪಕ್ಕೆ ಬಂದವನಿಗೆ ನೆಲದ ಸ್ವಭಾವವೇ ಬದಲಾದುದು ಕಾಣುತ್ತದೆ. ರಾಗಿಯ ಹೊಲಗಳು ಹಿಂದೆ ಉಳಿಯುತ್ತವೆ. ಗದ್ದೆಗಳು ಕಿರಿದಾಗಿ ಗುಡ್ಡಗಳ ಸಂದಿಯನ್ನು ಸೇರುತ್ತವೆ. ಗುಡ್ಡಗಳ ಮೈಮೇಲೆ ಸಿಲ್ವರ್ ಓಕು ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು ಒತ್ತಾಗಿ ನಿಂತಿರುತ್ತವೆ. ಈ ಸೀಮೆಯಲ್ಲಿ ಬೇಸಾಯವೆಂದರೆ ಮುಕ್ಕಾಲು ಪಾಲು ಹತ್ತುವ ಇಳಿಯುವ ಕೆಲಸವೇ ಸರಿ. ಗೊಬ್ಬರ ಮೇಲಕ್ಕೆ ಹೋಗಬೇಕು, ಹಣ್ಣು ಕೆಳಕ್ಕೆ ಬರಬೇಕು. ಸುಣ್ಣವೂ ತುತ್ತವೂ ಮೇಲಕ್ಕೆ, ಸೌದೆಯೂ ಮೆಣಸೂ ಕೆಳಕ್ಕೆ. ಬಹುಕಾಲ ಇದೆಲ್ಲವೂ ಆಳಿನ ತಲೆಯ ಮೇಲೆಯೂ ಎತ್ತಿನ ಹೆಗಲ ಮೇಲೆಯೂ ನಡೆಯಿತು. ಆಮೇಲೆ ಜೀಪು ಬಂದಿತು, ಟ್ರ್ಯಾಕ್ಟರು ಬಂದಿತು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲು ಕೂಡ ಈ ಘಟ್ಟವನ್ನು ಐವತ್ತೇಳು ಸುರಂಗಗಳಲ್ಲಿ ನುಸುಳಿಕೊಂಡು ಇಳಿಯಿತು. ಆದರೆ ಸಣ್ಣ ತೋಟದ ಒಳದಾರಿ ಮಾತ್ರ ಹಾಗೆಯೇ ಉಳಿಯಿತು. ಅಲ್ಲಿ ಜೀಪು ಹಿಡಿಸದು, ಬೈಕು ನಿಲ್ಲದು, ಮುದುಕರ ಕಾಲು ನಡೆಯದು.

ಈ ಕೊರತೆಯನ್ನು ನೀಗಿಸಲು ಈಚೆಗೆ ಬಂದಿರುವುದು ನಾಲ್ಕು ದಪ್ಪ ಗಾಲಿಗಳ ಒಂದು ಪುಟ್ಟ ಗಾಡಿ. ಬಲ್ಲವರು ಅದನ್ನು ಏಟೀವಿ ಎನ್ನುತ್ತಾರೆ. ತೋಟದ ಆಳುಗಳ ಬಾಯಲ್ಲಿ ಅದು ‘ಟೀವಿ ಗಾಡಿ’ಯಾಗಿದೆ. ಇದರ ವಂಶಾವಳಿ ದೊಡ್ಡದೇನೂ ಅಲ್ಲ. 1970ರಲ್ಲಿ ಜಪಾನಿನ ಹೋಂಡಾ ಕಂಪನಿಯವರು ಬಲೂನಿನಂತಹ ಮೂರು ಗಾಲಿಗಳ ಬಂಡಿಯೊಂದನ್ನು ಅಮೆರಿಕದಲ್ಲಿ ಮಾರತೊಡಗಿದರು. ಮೂರು ಗಾಲಿಯದು ತಿರುವಿನಲ್ಲಿ ಮಗುಚಿ ಬೀಳುತ್ತಿದ್ದುದರಿಂದ ಅನೇಕರು ಸತ್ತರು. 1988ರಲ್ಲಿ ಆ ದೇಶದಲ್ಲಿ ಅದರ ಮಾರಾಟ ನಿಂತಿತು. ಅಷ್ಟರೊಳಗೆ ಸುಜುಕಿಯವರು ನಾಲ್ಕು ಗಾಲಿಯದನ್ನು ಹೊರತಂದಾಗಿತ್ತು. ಅಲ್ಲಿಯ ರೈತರು ಕುರಿ ದನಗಳ ಹಿಂದೆ ಇದನ್ನು ಓಡಿಸಿದರು. ನಮ್ಮ ಮಲೆನಾಡಿಗಾದರೋ ಇದು ರೈತನ ಗಾಡಿಯಾಗಿ ಬರಲಿಲ್ಲ. ಪ್ರವಾಸಿಗಳ ಆಟಿಕೆಯಾಗಿ ಬಂದಿತು. ಸಕಲೇಶಪುರದ ಸುತ್ತ ಹುಟ್ಟಿಕೊಂಡ ರೆಸಾರ್ಟುಗಳಲ್ಲಿ ಶನಿವಾರ ಭಾನುವಾರ ಬೆಂಗಳೂರಿನ ಹುಡುಗರು ಕೆಸರಿನಲ್ಲಿ ಇದರ ಮೇಲೆ ಕುಳಿತು ಕೂಗುತ್ತಾರೆ. ಅವರು ಕೂಗಿ ಸಾಕಾದ ಗಾಡಿಗಳು ಎರಡನೆಯ ಕೈಗೆ ಬಂದಾಗ ಸಣ್ಣ ಬೆಳೆಗಾರನ ಕಣ್ಣಿಗೆ ಬೀಳುತ್ತವೆ. ಆಟಿಕೆಯಾಗಿದ್ದದ್ದು ಆಗ ದುಡಿಮೆಗೆ ಇಳಿಯುತ್ತದೆ.

ಅಂತಹ ಗಾಡಿಯೊಂದು ಆಲೂರು ತಾಲ್ಲೂಕಿನ ಪಶ್ಚಿಮದ ಗುಡ್ಡಗಳಲ್ಲಿ ತೋಟವಿರುವ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಬಂದಿತು. ಅವರು ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವರು. ಷಟ್ಪದಿಯ ಮಾತ್ರೆಗಳನ್ನು ನಿದ್ದೆಯಲ್ಲಿಯೂ ಎಣಿಸಬಲ್ಲವರು. ಯಂತ್ರಗಳ ವಿಷಯದಲ್ಲಿ ಕುತೂಹಲಕ್ಕಿಂತ ಹೆಚ್ಚಿನ ಅರ್ಹತೆ ಅವರಿಗಿಲ್ಲ. ಮನೆಯ ಬಳಿ ಎರಡು ಎಕರೆ ಅರೇಬಿಕಾ, ಹಳ್ಳದಾಚೆ ಗುಡ್ಡದ ನೆತ್ತಿಗೆ ಮೂರು ಎಕರೆ ರೊಬಸ್ಟಾ. ಈ ಮೇಲಿನ ತೋಟ ತಂದೆಯ ಕೈಯಿಂದ ನೆಟ್ಟದ್ದು. ಮೊಣಕಾಲಿನ ಕೀಲು ಸವೆದಿದೆಯೆಂದು ಹಾಸನದ ವೈದ್ಯರು ಹೇಳಿದ ದಿನದಿಂದ ಆ ಮೂರು ಎಕರೆ ಮನೆಯಲ್ಲಿ ವಿವಾದದ ವಸ್ತುವಾಯಿತು. ಬೆಂಗಳೂರಿನಲ್ಲಿರುವ ಮಗನ ವಾದ ಸರಳವಾದುದು: ನೋಡಿಕೊಳ್ಳಲಾಗದ ತೋಟವನ್ನು ಧಾರಣೆ ಇರುವಾಗಲೇ ಕೊಟ್ಟುಬಿಡಬೇಕು. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಬೆಲೆಗೆ ಏರಿದ ಮೇಲೆ ತೋಟ ಕೊಳ್ಳುವವರೂ ಹೆಚ್ಚಿದ್ದರು. ಮೇಷ್ಟ್ರು ಮಗನಿಗೆ ಒಂದೇ ಮಾತು ಕೊಟ್ಟಿದ್ದರು: “ನನ್ನ ಕೈಲಿ ಮೇಲಕ್ಕೆ ಹೋಗೋಕಾಗೋವರೆಗೆ ಆ ಮಾತು ಬೇಡ. ಆಗದಿದ್ದ ದಿನ ನಾನೇ ಹೇಳ್ತೀನಿ.” ಮಗನು ಹಟ ಹಿಡಿಯಲಿಲ್ಲ. ತಾನೇ ಹುಡುಕಿ ಈ ಗಾಡಿಯನ್ನು ಕೊಡಿಸಿದನು. ಹೀಗೆ ಒಂದು ಕುಟುಂಬದ ಮೂರು ಎಕರೆಯ ಭವಿಷ್ಯ ನೂರಹತ್ತು ಸಿ.ಸಿ.ಯ ಒಂದು ಎಂಜಿನ್ನಿಗೆ ಕಟ್ಟಿಕೊಂಡಿತು.

ಎರಡು ವರ್ಷ ಅದು ನಿಷ್ಠೆಯಿಂದ ದುಡಿಯಿತು. ಮೂರನೆಯ ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಶೆಡ್ಡಿನಿಂದ ಹೊರಕ್ಕೆ ತೆಗೆದು ಗುಂಡಿ ಒತ್ತಿದಾಗ ‘ಟಕ್’ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಒತ್ತಿದರೆ ಮತ್ತೊಂದು ಟಕ್. ಹತ್ತು ಸಲ ಒತ್ತಿದ ಮೇಲೆ ಒಮ್ಮೆ ಹಿಡಿಯಿತು.

ಇಲ್ಲಿ ಕೆಲವು ಮಾತುಗಳನ್ನು ಬಿಡಿಸಿ ಹೇಳುವುದು ವಾಚಕರಿಗೆ ಅನುಕೂಲವಾದೀತು. ಪೆಟ್ರೋಲು ಎಂಜಿನ್ನು ತಾನಾಗಿ ಏಳಲಾರದು. ಯಾರಾದರೂ ಅದನ್ನು ಮೊದಲೆರಡು ಸುತ್ತು ತಿರುಗಿಸಿ ಕೊಡಬೇಕು. ಹಿಂದೆ ಈ ಕೆಲಸ ಹ್ಯಾಂಡಲಿನಿಂದ ಆಗುತ್ತಿತ್ತು. ಹ್ಯಾಂಡಲು ಹಿಡಿಯುವಾಗ ಹೆಬ್ಬೆಟ್ಟನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂಬುದು ಹಳೆಯ ಡ್ರೈವರುಗಳು ಕಲಿಸುತ್ತಿದ್ದ ಮೊದಲ ಪಾಠ. ಎಂಜಿನ್ನು ಹಿಂದಕ್ಕೆ ಒದೆದರೆ ಮುಂಗೈ ಮುರಿಯದೆ ಉಳಿಯಲೆಂದು. ಈ ಗಂಡಾಂತರವನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಅದಕ್ಕೆ ಮೊದಲು ಅಂಗಡಿಗಳಲ್ಲಿ ಹಣ ಎಣಿಸಿಡುವ ಯಂತ್ರಕ್ಕೆ ವಿದ್ಯುತ್ತಿನ ಮೋಟಾರನ್ನು ಅಳವಡಿಸಿದ್ದನು. ಹಗಲೆಲ್ಲ ತಿರುಗುವ ಮೋಟಾರು ದೊಡ್ಡದಾಗಿರಬೇಕು. ಕ್ಷಣಕಾಲ ಮಾತ್ರ ತಿರುಗಿ ವಿಶ್ರಮಿಸುವ ಮೋಟಾರು ಚಿಕ್ಕದಾಗಿದ್ದರೂ ತನ್ನ ಶಕ್ತಿಯನ್ನು ಮೀರಿ ದುಡಿಯಬಲ್ಲದು ಎಂಬ ಸೂಕ್ಷ್ಮವನ್ನು ಅಲ್ಲಿ ಕಂಡುಕೊಂಡನು. 1911ರಲ್ಲಿ ಅವನು ಸಿದ್ಧಪಡಿಸಿದ ಸ್ಟಾರ್ಟರನ್ನು ಕ್ಯಾಡಿಲಾಕ್ ಕಂಪನಿಯವರು ತಮ್ಮ 1912ರ ಕಾರುಗಳಿಗೆ ಹಾಕಿದರು. ಗುಂಡಿಯನ್ನು ಐದಾರು ಸೆಕೆಂಡಿಗಿಂತ ಹೆಚ್ಚು ಅದುಮಬಾರದು, ಮತ್ತೆ ಒತ್ತುವ ಮೊದಲು ಸ್ವಲ್ಪ ಬಿಡುವು ಕೊಡಬೇಕು ಎಂದು ಇಂದಿಗೂ ಹೇಳುವುದು ಈ ಕಾರಣಕ್ಕೇ. ಶಕ್ತಿಯನ್ನು ಮೀರಿ ದುಡಿಯುವವರಿಗೆ ದಣಿವಾರಿಸಿಕೊಳ್ಳಲು ಹೊತ್ತು ಬೇಡವೇ?

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದರ ಹೆಸರು ‘ಸೆಲ್ಫು’. ತಾನೇ ತಾನಾಗಿ ಹಿಡಿಯುತ್ತದೆಂಬ ಅರ್ಥದಲ್ಲಿ ಬಂದ ಹೆಸರು. ಆದರೆ ಗಾಡಿಯಲ್ಲಿ ಇದರಷ್ಟು ಪರಾಧೀನವಾದ ಅಂಗ ಇನ್ನೊಂದಿಲ್ಲ. ಬ್ಯಾಟರಿ, ಬೀಗದ ಕೈ, ಫ್ಯೂಸು, ಬ್ರೇಕಿನ ಹಿಡಿಯಲ್ಲಿ ಅಡಗಿರುವ ಸ್ವಿಚ್ಚು, ರಿಲೇ, ಎರಡು ದಪ್ಪ ತಂತಿಗಳು, ಹತ್ತಾರು ತಿರುಪುಗಳು, ಇಷ್ಟು ಜನರ ಒಪ್ಪಿಗೆಯಿಲ್ಲದೆ ಈ ‘ಸ್ವಯಂ’ ಒಂದು ಸುತ್ತೂ ತಿರುಗಲಾರದು.

ಮೇಷ್ಟ್ರ ಗಾಡಿಗೆ ಮೊದಲು ಬ್ಯಾಟರಿ ಹೋಗಿದೆಯೆಂದು ತೀರ್ಮಾನವಾಯಿತು. ತೀರ್ಮಾನಕ್ಕೆ ಆಧಾರ ಇಲ್ಲದಿರಲಿಲ್ಲ: ಗುಂಡಿ ಒತ್ತಿದಾಗ ಮುಂದಿನ ದೀಪ ಮಂಕಾಗುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಹೊಸ ಬ್ಯಾಟರಿ ಕೊಂಡುದಾಯಿತು. ಹದಿನೈದು ದಿನ ನೆಟ್ಟಗಿದ್ದು ಮತ್ತೆ ಟಕ್. ಈ ಸಲ ಅದೇ ಅಂಗಡಿಯವರು ಸೆಲ್ಫು ಮೋಟಾರೇ ಸುಟ್ಟಿದೆಯೆಂದರು. ಬಿಚ್ಚಿ ನೋಡಲಿಲ್ಲ, ಅಳೆದು ನೋಡಲಿಲ್ಲ. ಹೊಸ ಮೋಟಾರು ಬಂದಿತು. ಒಂದು ವಾರ ಗಾಡಿ ಹೂವಿನಂತೆ ಹಿಡಿಯಿತು. ಹೊಸದನ್ನು ಹಾಕುವಾಗ ಹಳೆಯ ತಿರುಪುಗಳು ಅಲುಗಿ ಬಿಗಿಯಾದುದರಿಂದಲೇ ಆ ಒಂದು ವಾರದ ಸುಖವೆಂಬುದು ಯಾರಿಗೂ ಹೊಳೆಯಲಿಲ್ಲ. ರೋಗವನ್ನು ಹುಡುಕುವುದರ ಬದಲು ಅಂಗಗಳನ್ನು ಬದಲಾಯಿಸುತ್ತ ಹೋಗುವ ಈ ಪದ್ಧತಿ ಇಂದು ಎಲ್ಲ ಕಡೆಯೂ ಹಬ್ಬಿದೆ. ಇದರಲ್ಲಿ ದುಡ್ಡು ಪೋಲಾಗುವುದಕ್ಕಿಂತ ಹೆಚ್ಚಿನ ಕೇಡೊಂದುಂಟು: ಪ್ರತಿಯೊಂದು ಸಲವೂ ಗುಣವಾದಂತೆ ತೋರುವುದರಿಂದ ಮನುಷ್ಯನು ಅದನ್ನು ನಂಬಿ ದೂರ ಹೋಗುತ್ತಾನೆ.

ಮೇಷ್ಟ್ರು ಹೀಗೆ ನಂಬಿಯೇ ಜನವರಿಯ ಒಂದು ಮಧ್ಯಾಹ್ನ ಮೇಲಿನ ತೋಟಕ್ಕೆ ಹೋದರು. ರೊಬಸ್ಟಾ ಕೊಯ್ಲು ನಡೆದಿತ್ತು. ಐದು ಗಂಟೆಯ ಹೊತ್ತಿಗೆ ಹಣ್ಣನ್ನು ಅಳೆದು ಬರೆದುಕೊಂಡುದಾಯಿತು. ಆಳುಗಳು ಹೆಚ್ಚಿನವರು ಒಳದಾರಿ ಹಿಡಿದು ಇಳಿದುಹೋದರು. ಇನ್ನು ಹೊರಡಬೇಕೆನ್ನುವಾಗ ರೈಟರ ಫೋನಿಗೆ ಸುದ್ದಿ ಬಂದಿತು. ಪಕ್ಕದ ತೋಟದ ಕೆರೆಯ ಬಳಿ ಆನೆಗಳ ಗುಂಪು ಇದೆ, ಸಂಜೆ ಯಾರೂ ಆ ಕಡೆ ಓಡಾಡಬಾರದು ಎಂದು.

ಆಲೂರು ಸಕಲೇಶಪುರದವರಿಗೆ ಈ ಮಾತಿನ ತೂಕವನ್ನು ಹೇಳಬೇಕಾದುದಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಈ ಎರಡು ತಾಲ್ಲೂಕುಗಳಲ್ಲಿ ಆನೆಗಳು ಕಾಡಿನಿಂದ ಬಂದು ಹೋಗುವ ಅತಿಥಿಗಳಲ್ಲ. ಹಗಲು ಕಾಫಿ ತೋಟದ ನೆರಳಿನಲ್ಲಿಯೇ ಮಲಗಿದ್ದು ಇರುಳು ಗದ್ದೆಗಿಳಿಯುವ ನಿವಾಸಿಗಳು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದು ಸಾಗಿಸಿದರು. ಆ ಜಾಗಕ್ಕೆ ಬೇರೆಯವು ಬಂದವು. ಮೈಸೂರಿನ ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಎಂಬ ಸಾಕಾನೆ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಕಾದಾಡಿ ಸತ್ತದ್ದು ನಾಡಿಗೆಲ್ಲ ತಿಳಿದಿದೆ. ತೋಟಕ್ಕೆ ಹೋಗಿ ಮರಳಿ ಬಾರದ ಕೂಲಿಯಾಳುಗಳ ಸುದ್ದಿ ಅಷ್ಟು ದೂರ ಹೋಗುವುದಿಲ್ಲ. ಕಾಫಿಯ ಗಿಡ ಆಳೆತ್ತರ ಬೆಳೆದಿರುವ ತೋಟದಲ್ಲಿ ಹತ್ತು ಮಾರು ದೂರದ ಆನೆ ಕಾಣಿಸದು. ಅದು ಕಿವಿಯಾಡಿಸಿದರೆ ಕೇಳಿಸೀತು, ಅಷ್ಟೆ. ಇಂತಹ ಕಡೆ ಓಡಲಾರದ ಕಾಲಿನವನಿಗೆ ಎಂಜಿನ್ನೇ ಕಾಲು.

ಮೇಷ್ಟ್ರು ಬ್ರೇಕು ಹಿಡಿದು ಗುಂಡಿ ಒತ್ತಿದರು. ಟಕ್. ಒಂದು ನಿಮಿಷ ಬಿಟ್ಟು ಒತ್ತಿದರು. ಟಕ್. ಹಕ್ಕಿಗಳು ಗೂಡು ಸೇರುವ ಹೊತ್ತಿನ ಆ ಮೌನದಲ್ಲಿ ಆ ಸದ್ದು ಬೆರಳ ನಟಿಗೆಯಷ್ಟೇ ಇದ್ದರೂ ಅಲ್ಲಿದ್ದ ಮೂವರಿಗೂ ದೊಡ್ಡದಾಗಿ ಕೇಳಿಸಿತು. ಜೊತೆಗೆ ಉಳಿದಿದ್ದವರು ರೈಟರು ಮತ್ತು ಆಳುಗಳ ಪೈಕಿ ಒಬ್ಬ ಹೆಂಗಸು. ತಳ್ಳಿ ಹಿಡಿಸೋಣವೆಂದು ರೈಟರು ಹೊರಟರು. ಆದರೆ ಬೈಕು ಜೀಪುಗಳಿಗೆ ನಡೆಯುವ ಈ ಉಪಾಯ ಇಂತಹ ಗಾಡಿಗೆ ನಡೆಯದು. ಇದರ ಕ್ಲಚ್ಚು ಎಂಜಿನ್ನಿನ ವೇಗದಿಂದ ಬಿಚ್ಚಿಕೊಂಡು ಅಂಟುವಂತಹುದು. ಎಂಜಿನ್ನು ನಿಂತಿರುವಾಗ ಗಾಲಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಊರ ಸುತ್ತ ತಳ್ಳಿದರೂ ಗಾಲಿ ತಿರುಗುತ್ತದೆ, ಎಂಜಿನ್ನು ಮಲಗಿಯೇ ಇರುತ್ತದೆ. ಒದ್ದು ಹಿಡಿಸಲು ಕಿಕ್ಕರೂ ಆ ಗಾಡಿಗೆ ಇರಲಿಲ್ಲ.

ಕೊನೆಗೆ ಇಳಿಜಾರಿನಲ್ಲಿ ಗಾಡಿಯನ್ನು ಹಾಗೆಯೇ ಉರುಳಲು ಬಿಟ್ಟು, ಮೇಷ್ಟ್ರು ಮೇಲೆ ಕುಳಿತು ಬ್ರೇಕಿನಿಂದ ಸಂಭಾಳಿಸುತ್ತ, ಉಳಿದಿಬ್ಬರು ಹಿಂದೆ ಮುಂದೆ ನಡೆಯುತ್ತ ಹಳ್ಳದವರೆಗೆ ಬಂದರು. ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಹಳ್ಳದಿಂದಾಚೆಗೆ ಏರು. ಗಾಡಿಯನ್ನು ಅಲ್ಲಿಯೇ ಬಿಟ್ಟು, ಒಂದು ಕೈ ರೈಟರ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಕಾಫಿಯ ಕೋಲು, ಹೀಗೆ ಅರ್ಧ ಫರ್ಲಾಂಗಿನ ಏರನ್ನು ಅವರು ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ಬಲಗಡೆಯ ತೋಟದಲ್ಲಿ ಎಲ್ಲಿಯೋ ಬೈನೆ ಮರ ಮುರಿಯುವ ಸದ್ದು ಎರಡು ಸಲ ಕೇಳಿಸಿತು. ಆ ಹೆಂಗಸು, “ಅಯ್ಯಾ, ಮಾತಾಡ್ಬ್ಯಾಡಿ, ಹಂಗೇ ಬನ್ನಿ” ಎಂದಳು. ಮನೆ ಸೇರಿದಾಗ ಏಳು ದಾಟಿತ್ತು. ರಾತ್ರಿ ಊಟವಾದ ಮೇಲೆ ಮೇಷ್ಟ್ರು ಮಗನಿಗೆ ಫೋನು ಮಾಡಿ, “ಗಿರಾಕಿ ಇದ್ದರೆ ನೋಡಪ್ಪ” ಎಂದರು. ಸಂಜೆ ನಡೆದದ್ದನ್ನು ಹೇಳಲಿಲ್ಲ.

ಮಾರನೆಯ ದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ ಗಾಡಿಯನ್ನು ಮಾರುವುದಕ್ಕಾದರೂ ಸರಿಮಾಡಿಸಬೇಕಾಗಿತ್ತು. ರೈಟರು ಪಂಪುಸೆಟ್ಟು, ಗಿಡಗಂಟೆ ಸವರುವ ಯಂತ್ರ, ಪಲ್ಪರು ಇವುಗಳನ್ನು ರಿಪೇರಿ ಮಾಡುವ ಒಬ್ಬ ಹಳೆಯ ಮೇಸ್ತ್ರಿಯ ಸುದ್ದಿ ಹೇಳಿದರು. ಮೇಷ್ಟ್ರು, ಮೇಸ್ತ್ರಿ, ಎರಡು ಮಾತುಗಳು ಕೇಳುವುದಕ್ಕೆ ಅಣ್ಣತಮ್ಮಂದಿರಂತಿವೆ. ಮೇಸ್ತ್ರಿ ಎಂಬುದು ಪೋರ್ಚುಗೀಸರ ಬಾಯಿಂದ ನಮ್ಮ ದೇಶಭಾಷೆಗಳಿಗೆ ಬಂದುದು. ಅವರಲ್ಲಿಯೂ ಅದರ ಅರ್ಥ ಗುರುವೆಂದೇ. ಈ ಮೇಸ್ತ್ರಿ ಬರುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದನು: “ಗುಂಡಿ ಒತ್ತಿದಾಗ ಏನು ಕೇಳ್ತು ಮೇಷ್ಟ್ರೇ?”

ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯಿದು. ನಾಡಿ ಹಿಡಿಯುವ ಮೊದಲು ರೋಗಿಯನ್ನು ಮಾತನಾಡಿಸುವ ವೈದ್ಯನ ಕ್ರಮ. ಅವನ ಲೆಕ್ಕದಲ್ಲಿ ಗಾಡಿಯ ಉತ್ತರಗಳು ಕೆಲವೇ. ಏನೂ ಕೇಳದಿದ್ದರೆ ಗುಂಡಿಯ ಅಪ್ಪಣೆ ರಿಲೇಗೆ ಮುಟ್ಟಿಯೇ ಇಲ್ಲ: ಫ್ಯೂಸು ಹೋಗಿರಬೇಕು, ಇಲ್ಲವೇ ಬ್ರೇಕಿನ ಸ್ವಿಚ್ಚು ಕೆಟ್ಟಿರಬೇಕು. ಬ್ರೇಕು ಹಿಡಿಯದೆ ಸೆಲ್ಫು ತಿರುಗಬಾರದೆಂದು ಇಂತಹ ಗಾಡಿಗಳಲ್ಲಿ ಕಟ್ಟು ಮಾಡಿರುತ್ತಾರೆ. ಬ್ರೇಕು ಹಿಡಿದಾಗ ಹಿಂದಿನ ಕೆಂಪು ದೀಪ ಹೊತ್ತದಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ‘ಟಕಟಕಟಕ’ ಎಂದು ಬೇಗಬೇಗನೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ಜೀವವಿಲ್ಲ: ರಿಲೇ ಅಂಟಿದೊಡನೆ ವೋಲ್ಟೇಜು ಬಿದ್ದು ಅದು ಬಿಟ್ಟುಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜು ಏರಿ ಮತ್ತೆ ಅಂಟುತ್ತದೆ. ಮೋಟಾರು ‘ಗುಯ್’ ಎಂದು ಸುಮ್ಮನೆ ಸುತ್ತಿ ಎಂಜಿನ್ನು ಅಲುಗದಿದ್ದರೆ ಅವೆರಡರ ನಡುವಣ ಒಮ್ಮುಖದ ಕ್ಲಚ್ಚು ಜಾರುತ್ತಿದೆ. ಎಂಜಿನ್ನು ಚೆನ್ನಾಗಿ ಸುತ್ತಿಯೂ ಹಿಡಿಯದಿದ್ದರೆ ಸೆಲ್ಫಿನ ಮೇಲೆ ಅಪವಾದ ಹೊರಿಸುವುದು ಅನ್ಯಾಯ. ಆಗ ಪ್ಲಗ್ಗಿನ ಕಿಡಿಯನ್ನೂ, ಮಳೆಗಾಲವೆಲ್ಲ ಕಾರ್ಬುರೇಟರಿನಲ್ಲಿ ನಿಂತು ಕೆಟ್ಟ ಪೆಟ್ರೋಲನ್ನೂ, ಹಿಡಿಯ ಮೇಲಿನ ಕೆಂಪು ಗುಂಡಿಯನ್ನೂ ನೋಡಬೇಕು. ಈ ಕೆಂಪು ಗುಂಡಿ ಮಕ್ಕಳ ಕೈಗೆ ಸಿಕ್ಕಿ ಒತ್ತಿಹೋಗಿದ್ದು, ಮೇಸ್ತ್ರಿಯನ್ನು ಹತ್ತು ಮೈಲಿ ಕರೆಸಿಕೊಂಡವರೂ ಉಂಟಂತೆ.

“ಒಂದೇ ಒಂದು ಟಕ್” ಎಂದರು ಮೇಷ್ಟ್ರು.

“ದೀಪ?”

“ಒತ್ತಿದಾಗ ಮಂಕಾಗುತ್ತೆ. ಬಿಟ್ಟರೆ ಸರಿಯಾಗಿರುತ್ತೆ.”

“ಹಂಗಾದ್ರೆ ಯಾವ ಸಾಮಾನೂ ತರ್ಬೇಡಿ. ನಾನು ಬರ್ತೀನಿ.”

ಬಂದವನು ಮೋಟಾರನ್ನು ಮುಟ್ಟಲಿಲ್ಲ. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿದನು: 12.6 ವೋಲ್ಟು. ತುಂಬಿದ ಬ್ಯಾಟರಿಯ ಲಕ್ಷಣ. ಮೇಷ್ಟ್ರಿಗೆ ಗುಂಡಿ ಒತ್ತಲು ಹೇಳಿ ಅಲ್ಲಿಯೇ ನೋಡಿದನು: 12ಕ್ಕೆ ಇಳಿಯಿತು, ಅಷ್ಟೆ. ಬ್ಯಾಟರಿ ಸೋತಿದ್ದರೆ ಅದು ಹತ್ತಕ್ಕಿಂತ ಕೆಳಗೆ ಬೀಳಬೇಕಾಗಿತ್ತು. ಬ್ಯಾಟರಿಯ ಬಳಿ ವೋಲ್ಟೇಜು ಇದ್ದೂ ದೀಪ ಮಂಕಾಗುವುದೆಂತು? ಮೇಷ್ಟ್ರ ಮುಖದಲ್ಲಿ ಮೂಡಿದ ಈ ಪ್ರಶ್ನೆಗೆ ಅವನು ಬಾಯಿಂದ ಉತ್ತರ ಹೇಳದೆ, ಒಂದು ಕಡ್ಡಿಯನ್ನು ಮೋಟಾರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ಋಣಕಂಬಕ್ಕೂ ಮುಟ್ಟಿಸಿ, “ಈಗ ಒತ್ತಿ” ಎಂದನು. ಮೀಟರು ಐದು ವೋಲ್ಟು ತೋರಿಸಿತು.

ಇದು ಇರಕೂಡದ ಐದು. ಮೋಟಾರಿಗೆ ವಿದ್ಯುತ್ತು ಒಂದು ದಪ್ಪ ತಂತಿಯಲ್ಲಿ ಹೋಗುತ್ತದೆ. ಮರಳಿ ಬರುವುದು ಎಂಜಿನ್ನಿನ ಮೈ, ಗಾಡಿಯ ಕಬ್ಬಿಣದ ಚೌಕಟ್ಟು, ಅಲ್ಲಿ ಒಂದು ಬೋಲ್ಟಿಗೆ ಬಿಗಿದ ಕಪ್ಪು ತಂತಿ, ಈ ದಾರಿಯಲ್ಲಿ. ಮೇಸ್ತ್ರಿಗಳು ಇದಕ್ಕೆ ಅರ್ತು ಎನ್ನುತ್ತಾರೆ. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಬರುವ ದಾರಿಯನ್ನು ಕೇಳುವವರಿಲ್ಲ. ದಾರಿ ಚೆನ್ನಾಗಿದ್ದರೆ ಈ ಎರಡು ತುದಿಗಳ ನಡುವೆ ಅರ್ಧ ವೋಲ್ಟೂ ಇರಬಾರದು. ಇಲ್ಲಿ ಹನ್ನೆರಡರಲ್ಲಿ ಐದು ದಾರಿಯಲ್ಲಿಯೇ ಕರಗಿಹೋಗಿ ಮೋಟಾರಿಗೆ ಉಳಿಯುತ್ತಿದ್ದುದು ಏಳು. ಏಳರಲ್ಲಿ ಅದು ಎದ್ದೀತೇ?

ದೀಪದ ಒಗಟೂ ಇಲ್ಲಿಗೆ ಬಿಡಿಸಿತು. ಮೂವತ್ತೈದು ವ್ಯಾಟಿನ ದೀಪ ಬೇಡುವುದು ಮೂರು ಆಂಪಿಯರು. ಸೆಲ್ಫು ಬೇಡುವುದು ಐವತ್ತರ ಸುಮಾರು. ಹಾಳಾದ ಬೆಸುಗೆಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ತಡೆಯಿದ್ದರೂ ಮೂರು ಆಂಪಿಯರಿಗೆ ನಷ್ಟವಾಗುವುದು ಒಂದು ವೋಲ್ಟಿನ ಮೂರು ದಶಾಂಶ ಮಾತ್ರ, ಕಣ್ಣಿಗೆ ತಿಳಿಯದಷ್ಟು. ಐವತ್ತಕ್ಕೆ ನಷ್ಟವಾಗುವುದು ಪೂರ್ತಿ ಐದು. ಅದೇ ಬೋಲ್ಟನ್ನು ದೀಪವೂ ನಂಬಿರುವುದರಿಂದ ಸೆಲ್ಫು ಒತ್ತಿದಾಗ ದೀಪವೂ ಬಡವಾಗುತ್ತದೆ. ಮಲೆನಾಡಿನವರಿಗೆ ಇದನ್ನು ತಿಳಿಯಲು ಗಣಿತ ಬೇಡ. ಅಡಕೆ ದಬ್ಬೆಯಲ್ಲಿ ನೀರು ತರುವವರು ಬಲ್ಲರು: ದಬ್ಬೆಯಲ್ಲಿ ತರಗೆಲೆ ಸಿಕ್ಕಿಕೊಂಡಿದ್ದರೂ ಸಣ್ಣಗೆ ಬರುವ ನೀರು ಹಾಗೆಯೇ ಹರಿದುಹೋಗುತ್ತದೆ, ತುಂಬಿ ಬಂದಾಗಲೇ ಅದು ಕಟ್ಟಿಕೊಂಡು ಅಂಚಿನಿಂದ ಚೆಲ್ಲುವುದು. ಹಿಂದಿನ ಸಂಜೆ ಮೂವರಿಗೆ ದಾರಿ ತೋರಿದ ದೀಪ ಅಷ್ಟು ಚೆನ್ನಾಗಿ ಉರಿದುದಕ್ಕೂ, ಅದೇ ಹೊತ್ತಿಗೆ ಗಾಡಿ ಏಳದಿದ್ದುದಕ್ಕೂ ಕಾರಣ ಒಂದೇ ಆಗಿತ್ತು.

ಸೀಟನ್ನು ಎತ್ತಿ, ಬ್ಯಾಟರಿಯ ತಟ್ಟೆಯ ಕೆಳಗಣ ಬೋಲ್ಟನ್ನು ಬಿಚ್ಚಿದಾಗ ಅದರ ಸುತ್ತ ಹಸುರೂ ಕೆಂಪೂ ಬೆರೆತ ಒಂದು ಕಿಟ್ಟ ಕಂಡಿತು. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದು, “ತುತ್ತ ಹೊತ್ತಿದ್ರಾ ಇದರ ಮೇಲೆ?” ಎಂದನು.

ಹೊತ್ತಿದ್ದರು. ಮುಂಗಾರು ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ತೋಟ ಈ ಸೀಮೆಯಲ್ಲಿ ಇಲ್ಲವೆನ್ನಬಹುದು. 1885ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಂದ ಲೋಕಕ್ಕೆ ಪ್ರಚಾರವಾದ ಔಷಧವಿದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಸುಣ್ಣ ಸೇರಿದ ಮೇಲೆ ಅದು ಸಾಧುವಾಗುತ್ತದೆ. ಸುಣ್ಣ ಸೇರುವ ಮೊದಲಿನ ತುತ್ತದ ನೀರಾದರೋ ಕಬ್ಬಿಣದ ವೈರಿ: ಕಬ್ಬಿಣವನ್ನು ತಿಂದು ಆ ಜಾಗದಲ್ಲಿ ತಾಮ್ರವನ್ನು ಉಗುಳುತ್ತದೆ. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ಪ್ರತಿಯೊಬ್ಬ ಬೆಳೆಗಾರನೂ ಬಲ್ಲ. ಔಷಧ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ಕೆಂಪು ಕೂರುತ್ತದೆಯೇ ಎಂದು ಪರೀಕ್ಷಿಸುವವನೂ ಅವನೇ. ಆ ತುತ್ತದ ನೀರಿನ ಪ್ಲಾಸ್ಟಿಕ್ ಡ್ರಮ್ಮನ್ನು ಗಾಡಿಯ ಹಿಂದೆ ಕಟ್ಟಿ ಏರು ಹತ್ತಿಸುವಾಗ ತುಳುಕಿದುದು ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಯೋಚಿಸುವುದಿಲ್ಲ. ಅದು ಸೀಟಿನ ಕೆಳಗೆ ಹೋಗಿತ್ತು. ಅದರ ಮೇಲೆ ನಾಲ್ಕು ತಿಂಗಳ ಮಳೆಯ ತೇವ. ತೋಟದ ಕೊಳೆರೋಗವನ್ನು ತಡೆಯಲು ಹೋದದ್ದು ಗಾಡಿಗೆ ಕೊಳೆರೋಗ ತಂದಿತು.

ಉಪಚಾರ ಅರ್ಧ ಗಂಟೆಯದು. ಬೋಲ್ಟಿನ ಜಾಗವನ್ನೂ ತಂತಿಯ ಕಿವಿಯನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹೊಸ ವಾಷರು ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದನು. ಇಷ್ಟಕ್ಕೇ ಬಿಡದೆ ಒಂದು ಮೊಳ ದಪ್ಪ ತಂತಿಯನ್ನು ಬ್ಯಾಟರಿಯ ಋಣಕಂಬದಿಂದ ನೇರವಾಗಿ ಎಂಜಿನ್ನಿನ ಮೈಗೇ ಕಟ್ಟಿದನು; ಒಂದು ದಾರಿ ಕೆಟ್ಟರೂ ಇನ್ನೊಂದು ಇರಲೆಂದು. ಮತ್ತೆ ಮೀಟರು ಹಿಡಿದಾಗ ಆ ಐದು ವೋಲ್ಟು ಎರಡು ದಶಾಂಶಕ್ಕೆ ಇಳಿದಿತ್ತು. ಗುಂಡಿ ಮುಟ್ಟಿದೊಡನೆ ಗಾಡಿ ಎದ್ದಿತು. ತಂತಿಗೂ ಕೂಲಿಗೂ ಸೇರಿ ಅವನು ತೆಗೆದುಕೊಂಡದ್ದು ನಾನೂರು ರೂಪಾಯಿ. ಬ್ಯಾಟರಿಗೂ ಮೋಟಾರಿಗೂ ಹೋಗಿದ್ದ ಹಣದ ಮಾತನ್ನು ಮೇಷ್ಟ್ರು ಎತ್ತಲಿಲ್ಲ. ಬಿಚ್ಚಿಟ್ಟಿದ್ದ ಹಳೆಯ ಮೋಟಾರನ್ನು ಮೇಸ್ತ್ರಿ ಬ್ಯಾಟರಿಗೆ ಮುಟ್ಟಿಸಿ ನೋಡಿದಾಗ ಅದು ನೆಲದ ಮೇಲೆಯೇ ಎಗರಿ ತಿರುಗಿತು. ಕಾರ್ಬನ್ ಬ್ರಷ್ಷುಗಳು ಅರ್ಧ ಕೂಡ ಸವೆದಿರಲಿಲ್ಲ. “ಇಟ್ಕೊಳ್ಳಿ, ಹತ್ತು ವರ್ಷಕ್ಕೆ ಬೇಕಾಗುತ್ತೆ” ಎಂದು ಹೇಳಿ ಹೊರಟುಹೋದನು.

ಮಗನು ಹೇಳಿಕಳುಹಿಸಿದ್ದ ಗಿರಾಕಿ ಮುಂದಿನ ಭಾನುವಾರವೇ ಬಂದನು. ಬೆಂಗಳೂರಿನವನು, ಒಳ್ಳೆಯ ಮನುಷ್ಯ, ಕಾಫಿಯ ಗಿಡಕ್ಕಿಂತ ನೆತ್ತಿಯಿಂದ ಕಾಣುವ ಹೇಮಾವತಿಯ ಹಿನ್ನೀರಿನ ನೋಟದ ಮೇಲೆ ಅವನಿಗೆ ಕಣ್ಣು. ಬಂದವರಿಗೆ ತೋಟ ತೋರಿಸುವುದಿಲ್ಲವೆನ್ನಲಾಗದೆ ಮೇಷ್ಟ್ರು ಅವನನ್ನು ಹಿಂದೆ ಕೂರಿಸಿಕೊಳ್ಳದೆ, ಆ ಗಾಡಿಯ ಮೇಲೆ ಇಬ್ಬರು ಕೂರಬಾರದಾದುದರಿಂದ, ತಾವು ಗಾಡಿಯಲ್ಲಿಯೂ ಅವನು ಕಾಲ್ನಡಿಗೆಯಲ್ಲಿಯೂ ಮೇಲಕ್ಕೆ ಹೋದರು. ಅರ್ಧ ದಾರಿಯಲ್ಲಿ ಅವನು ಏದುತ್ತ ನಿಂತನು. ಮೇಷ್ಟ್ರು ಎಂಜಿನ್ನು ಆರಿಸಿ ಕಾದರು, ಅವನು ಸುಧಾರಿಸಿಕೊಂಡ ಮೇಲೆ ಗುಂಡಿ ಒತ್ತಿದರು, ಎದ್ದಿತು. ಮತ್ತೆ ಸ್ವಲ್ಪ ದೂರ ಹೋಗಿ ನಿಂತರು, ಆರಿಸಿದರು, ಒತ್ತಿದರು. ನೆತ್ತಿಯನ್ನು ಮುಟ್ಟುವುದರೊಳಗೆ ಹೀಗೆ ಆರು ಸಲವಾಯಿತು. ಗಿರಾಕಿಗೆ ಇದು ಮುದುಕರ ಸೌಜನ್ಯವಾಗಿ ಕಂಡಿರಬೇಕು.

ಬೆಲೆ ಏನೆಂದು ಅವನು ಕೇಳಿದಾಗ ಮೇಷ್ಟ್ರು, ಹೂವಿಗೆ ಮಳೆ ಆಗುವುದಿದೆ, ಅದಾದ ಮೇಲೆ ಕಾಯಿ ಕಚ್ಚುವುದಿದೆ, ಈಗ ಹೇಳಿದರೆ ಇಬ್ಬರಲ್ಲಿ ಒಬ್ಬರಿಗೆ ಮೋಸವಾಗುತ್ತದೆ ಎಂದರು. ಅವನು ಫೋನಿನ ಅಂಕಿ ಬರೆದುಕೊಟ್ಟು ಹೋದನು. ಆ ಚೀಟಿ ಹಣ್ಣು ಅಳೆದ ಲೆಕ್ಕದ ಪುಸ್ತಕದಲ್ಲಿಯೇ ಇದೆ. ಮೊಣಕಾಲು ಗುಣವಾಗುವಂತಹುದಲ್ಲ, ಅದು ಮೇಷ್ಟ್ರಿಗೂ ಗೊತ್ತು, ಮಗನಿಗೂ ಗೊತ್ತು. ಮೇ ತಿಂಗಳಲ್ಲಿ ತುತ್ತ ಕರಗಿಸುವ ದಿನ ಡ್ರಮ್ಮನ್ನು ಟ್ರ್ಯಾಕ್ಟರು ಹೋಗುವಷ್ಟು ದೂರ ಅದರಲ್ಲಿ ಕಳುಹಿಸಿ, ಅಲ್ಲಿಂದ ಮೇಲಕ್ಕೆ ಮುಚ್ಚಳವಿರುವ ಕ್ಯಾನುಗಳಲ್ಲಿ ಹೊರಿಸಿದರು. ಒಂದು ಆಳಿನ ಕೂಲಿ ಹೆಚ್ಚಾಯಿತು. ಸಂಜೆ ಗಾಡಿಯನ್ನು ತೊಳೆಸಿ, ಸೀಟನ್ನು ತಾವೇ ಎತ್ತಿ, ಬೋಲ್ಟಿನ ಮೇಲಿನ ಗ್ರೀಸು ಹಾಗೆಯೇ ಇದೆಯೇ ಎಂದು ಬೆರಳಿಟ್ಟು ನೋಡಿದರು. ಇತ್ತು.